ಕುಂಬಳೆಯಿಂದ ಬದಿಯಡ್ಕದವರೆಗೆ: ಒಂದನೇ ಕ್ಲಾಸಿಗೆ ಕನ್ನಡ ಶಾಲೆ ಆರಿಸುವವರಿಗೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ, ಇತ್ತ ಮಧೂರು, ಕೂಡ್ಲು ಕಡೆ ಮನೆ ಇರುವವರು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸರಕಾರಿ, ಅನುದಾನಿತ ಎರಡೂ ಸೇರಿದರೆ ಆಟೋದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಆಯ್ಕೆ ಇದ್ದೇ ಇರುತ್ತದೆ. ಎಲ್ಲ ಕಡೆಯೂ ಫೀಸಿಲ್ಲ, ಪುಸ್ತಕ ಉಚಿತ, ಮಧ್ಯಾಹ್ನ ಊಟ ಉಂಟು, ಪಾಠ ರಾಜ್ಯದ ಪಠ್ಯಪುಸ್ತಕ ತಯಾರಿಸುವ ಕೇರಳ ಎಸ್‌ಸಿಇಆರ್‌ಟಿಯದ್ದೇ. ಹಾಗಾಗಿ ಹೆಚ್ಚಿನ ಹೆತ್ತವರು ಗೋಡೆಯ ಚಿತ್ರ, ಬಸ್ಸು, ಇಂಗ್ಲಿಷ್ ಬೋರ್ಡು ನೋಡಿ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅವೆಲ್ಲ ಆಮೇಲೆ ನೋಡುವ ಸಂಗತಿಗಳು. ಮೊದಲು ಕೇಳಬೇಕಾದ್ದು ಎರಡು: ಒಂದನೇ ಕ್ಲಾಸಿನ ಟೀಚರಿಗೆ ಮಗುವಿನ ಜತೆ ಸಲೀಸಾಗಿ ಕನ್ನಡ ಮಾತಾಡಲು ಬರುತ್ತದೆಯೇ? ಈ ಶಾಲೆ ಮುಗಿದ ಮೇಲೆ ಐದಕ್ಕೆ ಮತ್ತು ಎಂಟಕ್ಕೆ ಕನ್ನಡ ಡಿವಿಷನ್, ಅಂದರೆ ಕನ್ನಡ ಮಾಧ್ಯಮದ ವಿಭಾಗ, ಎಲ್ಲಿದೆ? ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಹಂಚಿನ ಮಾಡಿನ ಹಳೆಯ ಶಾಲೆಯನ್ನೂ ಧೈರ್ಯವಾಗಿ ಆರಿಸಬಹುದು.

ಶಾಲೆಯ ಬೋರ್ಡನ್ನು ಓದಲು ಕಲಿತುಕೊಂಡರೆ ಅರ್ಧ ಮಾಹಿತಿ ಅಲ್ಲೇ ಸಿಗುತ್ತದೆ. ಜಿಎಲ್‌ಪಿಎಸ್ ಅಂದರೆ ಒಂದರಿಂದ ನಾಲ್ಕರವರೆಗಿನ ಸರಕಾರಿ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆ, ಜಿಯುಪಿಎಸ್ ಅಂದರೆ ಏಳರವರೆಗಿನ ಯುಪಿ (ಅಪ್ಪರ್ ಪ್ರೈಮರಿ). ಎಎಲ್‌ಪಿಎಸ್, ಎಯುಪಿಎಸ್ ಇವು ಅನುದಾನಿತ. ಜೆಬಿಎಸ್, ಎಸ್‌ಬಿಎಸ್ ಎಂದಿದ್ದರೆ ಗಾಂಧೀಜಿಯವರ ಮೂಲ ಶಿಕ್ಷಣದ ಕಾಲದಿಂದ ಉಳಿದು ಬಂದ ಜೂನಿಯರ್ ಬೇಸಿಕ್, ಸೀನಿಯರ್ ಬೇಸಿಕ್ ಎಂಬ ಹೆಸರುಗಳು. ಇವತ್ತಿನ ಲೆಕ್ಕದಲ್ಲಿ ಜೆಬಿಎಸ್ ಎಲ್‌ಪಿಗೆ ಸಮ, ಎಸ್‌ಬಿಎಸ್ ಯುಪಿಗೆ ಸಮ. ನಡುವೆ ಡಬ್ಲ್ಯು ಇದ್ದರೆ ವೆಲ್ಫೇರ್, ಎಫ್ ಇದ್ದರೆ ಫಿಶರೀಸ್, ಎಂ ಇದ್ದರೆ ಮಾಪ್ಪಿಳ ಶಾಲೆ ಎಂದು ಹಿಂದೆ ಶುರುವಾದದ್ದು. ಈಗ ಎಲ್ಲ ಮಕ್ಕಳಿಗೂ ಅಲ್ಲಿ ಪ್ರವೇಶ ಇದೆ. ಅನುದಾನಿತ ಶಾಲೆಗಳು ಸ್ವಂತ ಹೆಸರಿನಲ್ಲೂ ಇರುತ್ತವೆ, ನೀರ್ಚಾಲಿನ ಮಹಾಜನ, ಮಂಜೇಶ್ವರದ ಎಸ್‌ಎಟಿ, ಪೆರ್ಲದ ಸತ್ಯನಾರಾಯಣ ಇದ್ದ ಹಾಗೆ. ವಿಟ್ಲ, ಪುತ್ತೂರು ಕಡೆಯಿಂದ ಬಂದು ನೆಲಸಿದವರು ಒಂದು ವಿಷಯ ಗಮನಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದು, ಆರರಿಂದ ಎಂಟು ಎಂದು ಹೇಳಿದರೂ ಕೇರಳದಲ್ಲಿ ಎಲ್‌ಪಿ ನಾಲ್ಕಕ್ಕೆ, ಯುಪಿ ಏಳಕ್ಕೆ ಮುಗಿಯುತ್ತದೆ. ಎಲ್‌ಪಿ ಆರಿಸಿದರೆ ಒಂಬತ್ತು ಹತ್ತು ವರ್ಷದ ಮಗುವಿಗೆ ಮತ್ತೊಂದು ಶಾಲೆ ಹುಡುಕಲೇಬೇಕು.

ಸಣ್ಣ ಸರಕಾರಿ ಎಲ್‌ಪಿ ಶಾಲೆಯ ದೊಡ್ಡ ಗುಣ ಹತ್ತಿರ ಇರುವುದು. ಕೇರಳದ ನಿಯಮದ ಪ್ರಕಾರ ಎಲ್‌ಪಿ 1 ಕಿಲೋಮೀಟರಿನೊಳಗೆ, ಯುಪಿ 3 ಕಿಲೋಮೀಟರಿನೊಳಗೆ ಸಿಗಬೇಕು. ನಡೆದು ಹೋಗುವ ಮಗು ಮಳೆಗಾಲದಲ್ಲೂ ಅಷ್ಟು ರಜೆ ಹಾಕುವುದಿಲ್ಲ. ಕ್ಲಾಸಿನಲ್ಲಿ ಎಂಟು ಹತ್ತು ಮಕ್ಕಳಿದ್ದರೆ ಟೀಚರು ಪ್ರತಿ ಮಗುವನ್ನೂ ದಿನಕ್ಕೊಮ್ಮೆ ಹತ್ತಿರ ಕೂರಿಸಿ ಓದಿಸಬಹುದು. ಓದುವುದು, ಬರೆಯುವುದು ಇಂಥ ಕ್ಲಾಸಿನಲ್ಲೇ ಬೇಗ ಕೈಗೂಡುತ್ತದೆ. ಕೊರತೆ ಇರುವುದು ಬೇರೆ ಕಡೆ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬ ಅಧ್ಯಾಪಕ ಎಂಬುದು ಲೆಕ್ಕ. 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಕಾಯ್ದೆಯಲ್ಲಿ ಮುಖ್ಯೋಪಾಧ್ಯಾಯರನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ. ಅಷ್ಟಿಲ್ಲದ ಕಡೆ ಸಾಮಾನ್ಯವಾಗಿ ಎಚ್ಎಂ ಕೈಯಲ್ಲೂ ಒಂದು ಕ್ಲಾಸ್ ಇರುತ್ತದೆ. ಅದರ ಮೇಲೆ ಊಟದ ಲೆಕ್ಕ, ಪಂಚಾಯತು ಮೀಟಿಂಗ್, ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿ, ಮಕ್ಕಳ ಮಾಹಿತಿಯ ಸಂಪೂರ್ಣ ಪೋರ್ಟಲ್ಲಿಗೆ ಎಂಟ್ರಿ ಎಲ್ಲವೂ ಅವರದ್ದೇ. ಆದ್ದರಿಂದ ಸೇರಿಸುವ ಮೊದಲು ಎಚ್ಎಂ ಯಾವ ಕ್ಲಾಸ್ ತೆಗೆದುಕೊಳ್ಳುತ್ತಾರೆ ಎಂದು ಕೇಳಿ. ಒಂದನೇ ಕ್ಲಾಸ್ ಎಂದರೆ ಅದು ಒಳ್ಳೆಯ ಏರ್ಪಾಡಲ್ಲ. ಅಕ್ಷರ ಕಲಿಯುವ ವರ್ಷ ಟೀಚರು ವಾರಕ್ಕೆರಡು ದಿನ ಹೊರಗೆ ಹೋದರೆ ಮಗು ಹಿಂದೆ ಬೀಳುತ್ತದೆ, ಮತ್ತು ಅದು ಗೊತ್ತಾಗುವಾಗ ಮೂರನೇ ಕ್ಲಾಸ್ ಆಗಿರುತ್ತದೆ. ಮೂರನೇ ಅಥವಾ ನಾಲ್ಕನೇ ಕ್ಲಾಸನ್ನು ಎಚ್ಎಂ ಇಟ್ಟುಕೊಂಡಿದ್ದರೆ ಅಷ್ಟು ತೊಂದರೆ ಇಲ್ಲ.

ಆರನೇ ಕೆಲಸದ ದಿನ ಎಂಬ ಮಾತು ಶಾಲೆಗಳಲ್ಲಿ ಜೂನ್ ಪೂರ್ತಿ ಕೇಳುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೋ ಆ ತಲೆಯೆಣಿಕೆಯ ಮೇಲೆ ಡಿವಿಷನ್ ಮತ್ತು ಅಧ್ಯಾಪಕ ಹುದ್ದೆ ನಿರ್ಧಾರವಾಗುತ್ತದೆ. ಊರಿನ ಕನ್ನಡ ಶಾಲೆ ಉಳಿಯಬೇಕು ಎನ್ನುವವರು ಮಗುವನ್ನು ಜುಲೈಯಲ್ಲಿ ತಂದು ಸೇರಿಸಿದರೆ ಆ ವರ್ಷದ ಎಣಿಕೆಗೆ ಅದು ದಕ್ಕುವುದಿಲ್ಲ. ಒಂದಿಬ್ಬರು ಮಕ್ಕಳು ಕಡಿಮೆಯಾಗಿ ಹುದ್ದೆ ಹೋದ ಮೇಲೆ ಮನವಿ ಕೊಟ್ಟು ವಾಪಸು ತರುವುದು ಕಷ್ಟ.

ಅನುದಾನಿತ ಯುಪಿ ಶಾಲೆಗಳ ವಿಷಯ ಬೇರೆ. ಅಧ್ಯಾಪಕರನ್ನು ನೇಮಿಸುವುದು ಮೇನೇಜ್‌ಮೆಂಟು, ಸಂಬಳ ಕೊಡುವುದು ಸರಕಾರ. 1958ರ ಕೇರಳ ಶಿಕ್ಷಣ ಕಾಯ್ದೆ, 1959ರ ಕೆಇಆರ್ ನಿಯಮಗಳ ಕಾಲದಿಂದ ಬಂದ ಪದ್ಧತಿ ಇದು. ಒಂದೇ ಶಾಲೆ ಇರುವ ಮೇನೇಜ್‌ಮೆಂಟಿನಲ್ಲಿ ವರ್ಗಾವಣೆಗೆ ಜಾಗವೇ ಇಲ್ಲ. ಸೇರಿದ ಟೀಚರು ನಿವೃತ್ತಿಯವರೆಗೆ ಅಲ್ಲೇ ಇರುತ್ತಾರೆ, ಅಕ್ಕನಿಗೆ ಕಲಿಸಿದವರೇ ತಮ್ಮನಿಗೂ ಕಲಿಸುತ್ತಾರೆ. ಹೆಚ್ಚಾಗಿ ಆಸುಪಾಸಿನ ಊರಿನವರೇ ಆದ್ದರಿಂದ ತುಳು, ಹವ್ಯಕ, ಮಲಯಾಳ, ಮರಾಠಿ ಯಾವ ಮನೆಮಾತಿನ ಮಗು ಬಂದರೂ ಅವರಿಗೆ ಅರ್ಥವಾಗುತ್ತದೆ. ಒಂದನೇ ಕ್ಲಾಸಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಆದರೆ ಕಟ್ಟಡ ಮೇನೇಜರರ ಜವಾಬ್ದಾರಿ. ಶ್ರದ್ಧೆ ಇರುವ ಮೇನೇಜರಿದ್ದರೆ ಶಾಲೆ ಅಚ್ಚುಕಟ್ಟು, ಇಲ್ಲದಿದ್ದರೆ ಮಾಡಿನ ಪಕ್ಕಾಸು ಗೆದ್ದಲು ಹಿಡಿದರೂ ಕೇಳುವವರಿಲ್ಲ. ಹೊಸ ಅಧ್ಯಾಪಕರ ನೇಮಕಕ್ಕೆ ಇಲಾಖೆಯ ಅನುಮೋದನೆ ಸಿಕ್ಕಿದೆಯೇ ಎಂಬುದನ್ನೂ ಕೇಳಿ. ಭಿನ್ನಸಾಮರ್ಥ್ಯದವರ ಮೀಸಲಾತಿಯ ಪ್ರಶ್ನೆಯಲ್ಲಿ ಕೇರಳದ ಅನುದಾನಿತ ಶಾಲೆಗಳ ಸಾವಿರಾರು ನೇಮಕಾತಿಗಳು ಅನುಮೋದನೆ ಇಲ್ಲದೆ ನಿಂತದ್ದುಂಟು. ಸರಿಯಾದ ಸಂಬಳವಿಲ್ಲದೆ ವರ್ಷಗಟ್ಟಲೆ ಪಾಠ ಮಾಡುವವರು ಬೇರೆ ಕೆಲಸ ಸಿಕ್ಕ ದಿನ ಬಿಟ್ಟು ಹೋದರೆ ಅವರನ್ನು ದೂರುವ ಹಾಗೂ ಇಲ್ಲ.

ಸರಕಾರಿ ಶಾಲೆಗೆ ಅಧ್ಯಾಪಕರು ಪಿಎಸ್‌ಸಿ ಮೂಲಕ ಬರುತ್ತಾರೆ. ಕನ್ನಡ ಮಾಧ್ಯಮದ ಎಲ್‌ಪಿ, ಯುಪಿ ಹುದ್ದೆಗಳಿಗೆ ಪ್ರತ್ಯೇಕ ಅಧಿಸೂಚನೆ ಇದೆ. ಮಾಯಿಪ್ಪಾಡಿಯ ಅಧ್ಯಾಪಕ ತರಬೇತಿ ಸಂಸ್ಥೆ ಡಯಟ್‌ನಂಥ ಕಡೆ ಕನ್ನಡದಲ್ಲೇ ತರಬೇತಿ ಪಡೆದು ಬಂದವರಿದ್ದರೆ ಚಿಂತೆಯೇ ಇಲ್ಲ. ತೊಂದರೆ ಬರುವುದು ಹುದ್ದೆ ಖಾಲಿ ಇದ್ದಾಗ. ಜೂನಿನಲ್ಲಿ ಸಂದರ್ಶನ ಮಾಡಿ ದಿನವೇತನದವರನ್ನು ಹಾಕುತ್ತಾರೆ, ಅವರು ಮಾರ್ಚಿಗೆ ಹೋಗುತ್ತಾರೆ, ಮುಂದಿನ ಜೂನಿಗೆ ಮತ್ತೊಬ್ಬರು. ಕನ್ನಡ ಓದಲು ಬರೆಯಲು ಬಾರದವರು ಕನ್ನಡ ಡಿವಿಷನ್ನಿಗೆ ಬಂದು ಹೆತ್ತವರು ಪ್ರತಿಭಟಿಸಿದ್ದು ಹೆಚ್ಚಾಗಿ ಹೈಸ್ಕೂಲಿನ ವಿಷಯವಾರು ಹುದ್ದೆಗಳಲ್ಲಿ ಸುದ್ದಿಯಾಗಿದೆ. ಆದರೂ ಯುಪಿಯ ಗಣಿತ, ವಿಜ್ಞಾನದ ಕ್ಲಾಸ್ ಬಗ್ಗೆ ವಿಚಾರಿಸದೆ ಇರಬೇಡಿ.

ವಿಚಾರಿಸುವುದು ಹೇಗೆ? ಎಚ್ಎಂ ಹತ್ತಿರ ನೇರವಾಗಿ ಕೇಳಿದರೆ ಎಲ್ಲ ಸರಿ ಇದೆ ಎಂಬ ಉತ್ತರವೇ ಬರುತ್ತದೆ. ಅದೇ ಶಾಲೆಯಲ್ಲಿ ಐದೋ ಆರೋ ಓದುವ ನೆರೆಮನೆಯ ಮಗುವಿನ ನೋಟ್‌ಪುಸ್ತಕ ತೆರೆದು ನೋಡಿ. ಗಣಿತದ ಪುಸ್ತಕದಲ್ಲಿ ಬರೀ ಅಂಕೆಯ ಲೆಕ್ಕಗಳಿದ್ದು, ವಾಕ್ಯರೂಪದ ಲೆಕ್ಕ ಒಂದೂ ಇಲ್ಲದಿದ್ದರೆ ಅನುಮಾನ ಪಡಬೇಕು. ಬೋರ್ಡಿನಲ್ಲಿ ಅಂಕೆ ಬರೆದು, ವಿವರಣೆಯನ್ನು ಬೇರೆ ಭಾಷೆಯಲ್ಲಿ ಹೇಳಿ ಮುಗಿಸುವ ಕ್ಲಾಸ್ ಹೀಗೇ ಕಾಣಿಸುತ್ತದೆ. ವಿಜ್ಞಾನದ ನೋಟಿನಲ್ಲಿ ಇಬ್ಬರು ಮಕ್ಕಳ ಉತ್ತರ ಅಲ್ಪವಿರಾಮ ಸಮೇತ ಒಂದೇ ಇದ್ದರೆ ಅದು ಗೈಡಿನಿಂದಲೋ ವಾಟ್ಸಾಪ್ ಚಿತ್ರದಿಂದಲೋ ಬಂದದ್ದು. ಮೂರನೇ ಕ್ಲಾಸಿನ ಕನ್ನಡ ನೋಟನ್ನೂ ನೋಡಿ. ಮಗು ಸ್ವಂತವಾಗಿ ಬರೆದ ನಾಲ್ಕು ಸಾಲಿನಲ್ಲಿ ಹಕಾರ ಬಿಟ್ಟುಹೋಗುವುದು, ದೀರ್ಘ ಗಿಡ್ಡವಾಗುವುದು, ಒತ್ತಕ್ಷರ ತಪ್ಪುವುದು ನಮ್ಮ ಕಡೆಯ ಮಕ್ಕಳಲ್ಲಿ ಸಹಜ, ಯಾಕೆಂದರೆ ಹೆಚ್ಚಿನವರ ಮನೆಮಾತು ಪುಸ್ತಕದ ಕನ್ನಡ ಅಲ್ಲ. ಅಲ್ಲಿ ಕೆಂಪು ಶಾಯಿಯಲ್ಲಿ ಬರೀ ಸರಿಗುರುತು ಹಾಕಿ ಬಿಟ್ಟಿದ್ದಾರೋ, ತಪ್ಪಾದ ಪದವನ್ನು ಕೆಳಗೆ ತಿದ್ದಿ ಬರೆದಿದ್ದಾರೋ, ಮಗು ಅದನ್ನು ಮತ್ತೆ ಬರೆದಿದೆಯೋ ನೋಡಿ. ತಿದ್ದಿದ ಪದವನ್ನು ಮಗು ಮತ್ತೆ ಬರೆದ ಸಾಲು ಕಂಡರೆ ಆ ಟೀಚರು ಇರುವ ಶಾಲೆಯನ್ನು ಬಿಡಬೇಡಿ. ಗೋಡೆಯಲ್ಲಿ ಎಲ್‌ಎಸ್‌ಎಸ್ ಸ್ಕಾಲರ್‌ಶಿಪ್ ಪಡೆದ ಮಕ್ಕಳ ಫ್ಲೆಕ್ಸ್ ಇದ್ದರೆ ಪರೀಕ್ಷೆಗೆ ಕೂತವರು ಎಷ್ಟು ಮಂದಿ ಎಂದೂ ಕೇಳಿ. ನಾಲ್ಕನೇ ಕ್ಲಾಸಿನ ಐವರಲ್ಲಿ ಇಬ್ಬರಿಗೆ ಸಿಕ್ಕಿದ್ದಕ್ಕೂ ನಲವತ್ತರಲ್ಲಿ ಇಬ್ಬರಿಗೆ ಸಿಕ್ಕಿದ್ದಕ್ಕೂ ಬಹಳ ಅಂತರ ಇದೆ.

ದೊಡ್ಡ ಸಂಯುಕ್ತ ಶಾಲೆಗಳು, ಅಂದರೆ ಒಂದರಿಂದ ಹತ್ತರವರೆಗೆ ಅಥವಾ ಹನ್ನೆರಡರವರೆಗೆ ಒಂದೇ ಕಾಂಪೌಂಡಿನಲ್ಲಿ ಇರುವಂಥವು, ಮುಂದಿನ ದಾರಿಯ ಚಿಂತೆ ತಪ್ಪಿಸುತ್ತವೆ. ಲ್ಯಾಬು, ಲೈಬ್ರೆರಿ, ಆಟದ ಬಯಲು ಇರುತ್ತದೆ. ಉಪಜಿಲ್ಲಾ ಕಲೋತ್ಸವಕ್ಕೆ ಕನ್ನಡ ಕಂಠಪಾಠ, ಭಾಷಣಕ್ಕೆ ಮಕ್ಕಳನ್ನು ತಯಾರು ಮಾಡುವವರಿರುತ್ತಾರೆ. ಇಲ್ಲಿ ಜಾಗ್ರತೆ ಬೇಕಾದದ್ದು ಡಿವಿಷನ್ ವಿಷಯದಲ್ಲಿ. ಎ ಡಿವಿಷನ್ ಮಲಯಾಳ, ಬಿ ಕನ್ನಡ, ಸಿ ಇಂಗ್ಲಿಷ್ ಎಂದು ಹಂಚಿರುತ್ತಾರೆ. ಕನ್ನಡದಲ್ಲಿ ಐದಾರು ಮಕ್ಕಳು ಮಾತ್ರ ಉಳಿದಿದ್ದರೆ ಸಂಗೀತ, ಚಿತ್ರಕಲೆ, ಆಟ, ಅಸೆಂಬ್ಲಿ ಎಲ್ಲ ಮಲಯಾಳದಲ್ಲೇ ನಡೆಯುತ್ತದೆ. ಮನೆಗೆ ಬರುವ ನೋಟೀಸು, ಪಿಟಿಎ (ಹೆತ್ತವರ-ಅಧ್ಯಾಪಕರ ಸಂಘ) ಗ್ರೂಪಿನ ಮೆಸೇಜು ಕೂಡ ಅದರಲ್ಲೇ. ಮಲಯಾಳ ಓದಲು ಬಾರದ ಅಮ್ಮಂದಿರು ಪಿಟಿಎಯಿಂದ ದೂರ ಉಳಿಯಲು ಇದೇ ಕಾರಣ. ಕನ್ನಡದಲ್ಲೂ ನೋಟೀಸು ಕೊಡಿ ಎಂದು ಹತ್ತು ಮಂದಿ ಸಹಿ ಹಾಕಿ ಕೊಟ್ಟರೆ ಹೆಚ್ಚಿನ ಎಚ್ಎಂಗಳು ಒಪ್ಪುತ್ತಾರೆ, ಕೇಳುವವರಿಲ್ಲದೆ ಅದು ನಡೆಯುವುದಿಲ್ಲ.

ಇಂಗ್ಲಿಷ್ ಡಿವಿಷನ್ನಿಗೆ ಸೇರಿಸಲೇಬೇಕು ಎನ್ನುವವರು ಪ್ರಥಮ ಭಾಷೆ ಯಾವುದು ಎಂಬ ಒಂದು ಪ್ರಶ್ನೆಯನ್ನು ಮರೆಯಬಾರದು. ಕೆಲವು ಕಡೆ ಇಂಗ್ಲಿಷ್ ಡಿವಿಷನ್ನಿನ ಮಕ್ಕಳಿಗೆ ಕನ್ನಡವನ್ನು ಪ್ರಥಮ ಭಾಷೆಯಾಗಿ ಕೊಡುತ್ತಾರೆ, ಕೆಲವು ಕಡೆ ಟೀಚರಿಲ್ಲ ಎಂದು ಎಲ್ಲರನ್ನೂ ಮಲಯಾಳಕ್ಕೆ ಕೂರಿಸುತ್ತಾರೆ. ಐದನೇ ಕ್ಲಾಸಿನಿಂದ ಹಿಂದಿಯೂ ಸೇರುತ್ತದೆ. ಸಂಸ್ಕೃತ ಅಥವಾ ಅರಬಿ ತೆಗೆದುಕೊಂಡರೆ ಅದು ಪ್ರಥಮ ಭಾಷೆಯ ಮೊದಲ ಪತ್ರಿಕೆಯ ಜಾಗಕ್ಕೆ ಬರುತ್ತದೆ, ಕನ್ನಡ ಎರಡನೇ ಪತ್ರಿಕೆಯಾಗಿ ಮಾತ್ರ ಉಳಿಯುತ್ತದೆ. ಇದನ್ನು ಗೊತ್ತಿದ್ದು ಆರಿಸಿದರೆ ತಪ್ಪಿಲ್ಲ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಎಂಬ ಕಾನೂನು ಬಂದಾಗ ಕಾಸರಗೋಡಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. ನಮ್ಮ ಅಭಿಪ್ರಾಯ ಹೇಳುವುದಾದರೆ, ಇಲ್ಲಿ ಬಾಳುವ ಮಗುವಿಗೆ ಮಲಯಾಳ ಬರಬೇಕು, ವಿಲೇಜ್ ಆಫೀಸಿನಿಂದ ಆಸ್ಪತ್ರೆಯವರೆಗೆ ಅದಿಲ್ಲದೆ ಆಗುವುದಿಲ್ಲ. ಆದರೆ ಅದು ಕನ್ನಡದ ಪಿರಿಯೆಡನ್ನು ತಿಂದು ಬರಬಾರದು. ಟೈಮ್‌ಟೇಬಲ್ ಕೇಳಿ ಪಡೆದು ಕನ್ನಡಕ್ಕೆ ವಾರಕ್ಕೆ ಎಷ್ಟು ಪಿರಿಯೆಡ್ ಉಳಿದಿದೆ ಎಂದು ಎಣಿಸಿ.

ಎಲ್ಲಕ್ಕಿಂತ ಹೆಚ್ಚು ಮಕ್ಕಳು ಕನ್ನಡ ಮಾಧ್ಯಮದಿಂದ ಜಾರುವುದು ನಾಲ್ಕರಿಂದ ಐದಕ್ಕೆ ಹೋಗುವಾಗ. ಹತ್ತಿರದ ಯುಪಿಯಲ್ಲಿ ಕನ್ನಡ ಡಿವಿಷನ್ ಮುಚ್ಚಿದ್ದು ಎಪ್ರಿಲಿನಲ್ಲಿ ಗೊತ್ತಾಗುತ್ತದೆ, ಬೇರೆ ಕಡೆಗೆ ಬಸ್ಸಿಲ್ಲ, ಮಗು ಮಲಯಾಳಕ್ಕೋ ಇಂಗ್ಲಿಷಿಗೋ ಹೋಗಿ ಕೂರುತ್ತದೆ. ಆದ್ದರಿಂದ ಒಂದನೇ ಕ್ಲಾಸಿಗೆ ಸೇರಿಸುವ ಮೊದಲೇ ಆ ಯುಪಿಗೆ ಹೋಗಿ ಐದು, ಆರು, ಏಳರ ಕನ್ನಡ ಡಿವಿಷನ್ನುಗಳಲ್ಲಿ ತಲಾ ಎಷ್ಟು ಮಕ್ಕಳಿದ್ದಾರೆ ಕೇಳಿ. ಏಳರಲ್ಲಿ 22, ಆರರಲ್ಲಿ 15, ಐದರಲ್ಲಿ 7 ಎಂಬಂಥ ಇಳಿಜಾರು ಕಂಡರೆ ನಿಮ್ಮ ಮಗು ಅಲ್ಲಿಗೆ ಮುಟ್ಟುವ ಹೊತ್ತಿಗೆ ಡಿವಿಷನ್ ಇರುವ ಭರವಸೆ ಕಡಿಮೆ. ಶಾಲೆವಾರು ಮಾಹಿತಿ ಕೈಟ್ ಸಂಸ್ಥೆಯ ಸಮೇತಂ ಪೋರ್ಟಲ್ಲಿನಲ್ಲೂ ಸಿಗುತ್ತದೆ. ಮಾಧ್ಯಮವಾರು ವಿಂಗಡಣೆಯನ್ನು ಮಾತ್ರ ಶಾಲೆಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಚಂದ್ರಗಿರಿ ಹೊಳೆಯಿಂದ ದಕ್ಷಿಣಕ್ಕೆ ಮನೆ ಬದಲಿಸುವ ಯೋಚನೆ ಇದ್ದವರು ಇನ್ನೂ ಮೊದಲೇ ನೋಡಿಕೊಳ್ಳಿ, ಅತ್ತ ಕನ್ನಡ ಮಾಧ್ಯಮ ಬಹಳ ವಿರಳ.

ಶಾಲೆಗೆ ಅಂಟಿಕೊಂಡ ಪ್ರೀಪ್ರೈಮರಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನವನ್ನು ಪಿಟಿಎ ನಡೆಸುತ್ತದೆ, ಸ್ವಲ್ಪ ಹಣ ಕೊಡಬೇಕಾಗುತ್ತದೆ. ಸಮಗ್ರ ಶಿಕ್ಷಾ ಕೇರಳದ ವರ್ಣಕೂಡಾರಂ ಯೋಜನೆಯಲ್ಲಿ ಚಟುವಟಿಕೆ ಮೂಲೆಗಳನ್ನು ಮಾಡಿದ ಕಡೆ ಮಕ್ಕಳಿಗೆ ನಿಜವಾಗಿಯೂ ಖುಷಿ. ಆದರೆ ಪ್ರೀಪ್ರೈಮರಿಯ ಟೀಚರು ಎರಡು ವರ್ಷ ಮಲಯಾಳದಲ್ಲೇ ಹಾಡಿಸಿ ಕುಣಿಸಿದರೆ ಒಂದನೇ ಕ್ಲಾಸಿಗೆ ಮಗು ತನ್ನ ಗೆಳೆಯರ ಜತೆ ಮಲಯಾಳ ಡಿವಿಷನ್ನಿಗೇ ಹೋಗುತ್ತೇನೆ ಎಂದು ಹಟ ಹಿಡಿಯುತ್ತದೆ. ಕನ್ನಡ ಡಿವಿಷನ್ ಉಳಿಸಬೇಕೆನ್ನುವ ಪಿಟಿಎಗಳು ಮೊದಲು ಕನ್ನಡ ಬಲ್ಲ ಪ್ರೀಪ್ರೈಮರಿ ಟೀಚರನ್ನು ಇಡಬೇಕು.

ಪುಸ್ತಕದ ವಿಷಯ. 2024-25ರಲ್ಲಿ 1, 3, 5, 7, 9ನೇ ಕ್ಲಾಸಿಗೂ 2025-26ರಲ್ಲಿ 2, 4, 6, 8, 10ಕ್ಕೂ ಹೊಸ ಪುಸ್ತಕ ಬಂದಿದೆ. ಅದಕ್ಕಿಂತ ಹಿಂದಿನವು ಮನೆಯಲ್ಲಿದ್ದರೆ ಅಭ್ಯಾಸಕ್ಕೆ ಆಗುವುದಿಲ್ಲ. ಕನ್ನಡ ಅನುವಾದ ಆಗಿ ಅಚ್ಚಾಗಿ ಬರುವಾಗ ತಡವಾಗುವುದುಂಟು. ಎಸ್‌ಸಿಇಆರ್‌ಟಿ ಜಾಲತಾಣದಿಂದ ಪಿಡಿಎಫ್ ಇಳಿಸಿ ಮೊದಲ ಎರಡು ಪಾಠ ಪ್ರಿಂಟ್ ಹಾಕಿಸಿ ಮಕ್ಕಳ ಕೈಗೆ ಕೊಡುವ ಶಾಲೆ ಮತ್ತು ಪುಸ್ತಕ ಬರಲಿ ಎಂದು ಕಾಯುವ ಶಾಲೆ ಎರಡೂ ಇವೆ. ಕಳೆದ ಜೂನಿನಲ್ಲಿ ಏನು ಮಾಡಿದರು ಎಂದು ಕೇಳಿದರೆ ಟೀಚರುಗಳ ಮುತುವರ್ಜಿ ಎಷ್ಟೆಂದು ತಿಳಿಯುತ್ತದೆ.

ಊಟ ನೋಡಲು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹೋಗಿ. ಎಲ್‌ಪಿ ಮಗುವಿಗೆ ದಿನಕ್ಕೆ 100 ಗ್ರಾಂ, ಯುಪಿ ಮಗುವಿಗೆ 150 ಗ್ರಾಂ ಅಕ್ಕಿಯ ಲೆಕ್ಕ. ವಾರಕ್ಕೆ ಎರಡು ಸಲ ಹಾಲು, ಒಂದು ಸಲ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅನ್ನ ಹೇಗೂ ಇರುತ್ತದೆ, ನೋಡಬೇಕಾದ್ದು ಪಲ್ಯ ಮತ್ತು ಸಾರು. ಸರಕಾರ ಕೊಡುವ ಹಣದಲ್ಲಿ ತರಕಾರಿ, ಗ್ಯಾಸು, ಸಾಗಾಟ ಎಲ್ಲ ಆಗಬೇಕಾದ್ದರಿಂದ ಪಿಟಿಎ ಚುರುಕಾಗಿರುವ ಕಡೆ ಊರವರ ಬಸಳೆ, ಅಲಸಂಡೆ, ಹಲಸಿನಕಾಯಿ ಅಡುಗೆ ಕೋಣೆಗೆ ಬಂದು ಬೀಳುತ್ತದೆ, ಉಳಿದ ಕಡೆ ವಾರ ಪೂರ್ತಿ ನೀರು ಸಾರು. ಕೈ ತೊಳೆಯುವ ನಳ್ಳಿಗಳ ಸಾಲು, ಬಾವಿಗೆ ಬಲೆ, ಹುಡುಗಿಯರ ಶೌಚಾಲಯದಲ್ಲಿ ಚಿಲಕ ಮತ್ತು ನೀರು ಇವನ್ನು ಸ್ವತಃ ನೋಡಿ. ಬಾಗಿಲಿಗೆ ಚಿಲಕ ಇಲ್ಲದ ಕಡೆ ಹೆಣ್ಣುಮಕ್ಕಳು ಬೆಳಗ್ಗಿನಿಂದ ನೀರು ಕುಡಿಯದೆ ಸಂಜೆವರೆಗೆ ತಡೆದು ಕೂರುತ್ತಾರೆ. ಕಟ್ಟಡಕ್ಕೆ ಆ ವರ್ಷದ ಫಿಟ್‌ನೆಸ್ ಸರ್ಟಿಫಿಕೇಟ್ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಸರಕಾರಿ ಪ್ರಾಥಮಿಕ ಶಾಲೆಯ ದುರಸ್ತಿ ಗ್ರಾಮ ಪಂಚಾಯತಿನ ಕೈಯಲ್ಲಿರುವುದರಿಂದ ದೂರು ವಾರ್ಡ್ ಮೆಂಬರಿಗೆ ಲಿಖಿತವಾಗಿ ಹೋಗಬೇಕು.

ಕುಂಬಳೆ, ಮೊಗ್ರಾಲು ಕಡೆಯವರಿಗೆ ಇನ್ನೊಂದು ತಲೆನೋವು ರಾಷ್ಟ್ರೀಯ ಹೆದ್ದಾರಿ 66. ತಲಪಾಡಿ–ಚೆಂಗಳ ನಡುವೆ ಷಟ್ಪಥ ಆದ ಮೇಲೆ ಕಣ್ಣೆದುರಿಗೆ ಕಾಣುವ ಶಾಲೆಗೆ ಅಂಡರ್‌ಪಾಸ್ ಸುತ್ತಿ ಹೋಗಬೇಕಾದ ಮನೆಗಳಿವೆ. ನಕ್ಷೆಯಲ್ಲಿ 400 ಮೀಟರ್ ಕಂಡರೂ ಕಾಲ್ದಾರಿಯನ್ನು ಮಗುವಿನ ಜತೆ ಶಾಲೆಯ ಸಮಯದಲ್ಲೇ ಒಮ್ಮೆ ನಡೆದು ನೋಡಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬೈಕುಗಳು ಬರುತ್ತವೆ, ಮಳೆಗೆ ನೀರು ನಿಲ್ಲುತ್ತದೆ. ಶಾಲಾ ಬಸ್ಸಿದ್ದರೆ ವಿಮೆ, ಫಿಟ್‌ನೆಸ್, ಆಯಾ ಇದ್ದಾರೆಯೇ ಎಂದು ಕೇಳಿ. ಬಸ್ಸನ್ನು ಎಂಎಲ್‌ಎ ಫಂಡಿನಿಂದ ಕೊಟ್ಟಿದ್ದರೂ ಡೀಸೆಲ್, ಚಾಲಕರ ಸಂಬಳ ಪಿಟಿಎ ಮೇಲೆ ಬೀಳುವುದರಿಂದ ಅದಕ್ಕೆ ತಿಂಗಳ ದರ ಇರುತ್ತದೆ. ಮಕ್ಕಳು ಬೇರೆ ಬೇರೆ ಶಾಲೆಯಲ್ಲಿದ್ದರೆ ಜನರಲ್ ಕ್ಯಾಲೆಂಡರೋ ಮುಸ್ಲಿಂ ಕ್ಯಾಲೆಂಡರೋ ಎಂದೂ ವಿಚಾರಿಸಿ, ದೊಡ್ಡ ರಜೆ ಹೊಂದಿಕೆಯಾಗದಿದ್ದರೆ ಮನೆಯವರಿಗೆ ಕಷ್ಟ.

ಒಟ್ಟು ತೂಗಿ ನೋಡಿದರೆ ಈ ಭಾಗದಲ್ಲಿ ಮೊದಲ ಆಯ್ಕೆ ಏಳರವರೆಗೆ ಎಲ್ಲ ಕ್ಲಾಸಿನಲ್ಲೂ ಕನ್ನಡ ಡಿವಿಷನ್ ಇರುವ, ಒಂದನೇ ಕ್ಲಾಸಿನಲ್ಲಿ 12ರಿಂದ 25 ಮಕ್ಕಳಿರುವ ಯುಪಿ ಶಾಲೆ, ಅದು ಸರಕಾರಿಯೋ ಅನುದಾನಿತವೋ ಎಂಬುದು ಮುಖ್ಯವಲ್ಲ. ನಡೆದು ಹೋಗುವ ದೂರದ ಎಲ್‌ಪಿಯಲ್ಲಿ ಕಾಯಂ ಕನ್ನಡ ಟೀಚರಿದ್ದು, ಮುಂದಿನ ಯುಪಿ ಗಟ್ಟಿ ಇದ್ದರೆ ಅದೂ ಅಷ್ಟೇ ಒಳ್ಳೆಯದು. ಸಂಯುಕ್ತ ಶಾಲೆಯ ಐದಾರು ಮಕ್ಕಳ ಕನ್ನಡ ಡಿವಿಷನ್ ಮೂರನೆಯದು, ನೆರೆಯ ಮೂರು ನಾಲ್ಕು ಮನೆಯವರು ಒಟ್ಟಿಗೆ ಸೇರಿಸುವುದಾದರೆ ಮಾತ್ರ ಅದು ಮೇಲೆ ಬರುತ್ತದೆ.

ಅರ್ಜಿ ತುಂಬುವಾಗ ಜನನ ಪ್ರಮಾಣಪತ್ರ, ಆಧಾರ್ ಸಾಕು, ಒಂದನೇ ಕ್ಲಾಸಿಗೆ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಆದರೆ ಸಂಪೂರ್ಣದಲ್ಲಿ ಎಂಟ್ರಿ ಆದ ಮೇಲೆ ಅದರ ಪ್ರಿಂಟ್ ಕೇಳಿ ಪಡೆದು ಬೋಧನಾ ಮಾಧ್ಯಮ, ಪ್ರಥಮ ಭಾಷೆ, ಮಾತೃಭಾಷೆ ಈ ಮೂರು ಕಾಲಂ ಓದಿ. ಅವಸರದಲ್ಲಿ ಎಲ್ಲರಿಗೂ ಮಲಯಾಳ ಎಂದು ಬಿದ್ದಿರುವುದುಂಟು. ಹೆಸರಿನ ಇಂಗ್ಲಿಷ್ ಕಾಗುಣಿತ ಆಧಾರ್‌ನಲ್ಲಿ ಇದ್ದ ಹಾಗೆಯೇ ಇರಬೇಕು, ಇನಿಶಿಯಲ್ ಸಮೇತ. ಮುಂದೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗ ಎಂದು ಸೀಟು ಕೇಳುವಾಗ ಕನ್ನಡ ಭಾಷಾ ಪರೀಕ್ಷೆಯ ಜತೆಗೆ ಎಲ್ಲಿ, ಎಷ್ಟು ವರ್ಷ ಓದಿದ್ದು ಎಂಬ ದಾಖಲೆಯೂ ಬೇಕಾಗುತ್ತದೆ. ಆದ್ದರಿಂದ ನಾಲ್ಕು ಮುಗಿಸಿ ಟಿಸಿ ತೆಗೆಯುವ ದಿನವೇ ಮಾಧ್ಯಮ ಕನ್ನಡ ಎಂದು ಬರೆಸಿದ ವ್ಯಾಸಂಗ ಪತ್ರವನ್ನೂ ಸಹಿ ಸೀಲು ಹಾಕಿಸಿ ತೆಗೆದಿಟ್ಟುಕೊಳ್ಳಿ, ಏಳು ಮುಗಿದಾಗ ಮತ್ತೊಂದು. ಮುಂದೆ ಆ ಸಣ್ಣ ಶಾಲೆ ಮುಚ್ಚಿದರೆ ಹಳೆಯ ಪ್ರವೇಶ ರಿಜಿಸ್ಟರಿಗಾಗಿ ಎಇಒ ಕಚೇರಿಗೆ ಅಲೆಯಬೇಕಾಗುತ್ತದೆ.